ಸರಾಸರಿಯೊಳಗೆ ಮುಚ್ಚಿಹೋದ ಊರುಗಳು

(ಅಮೃತಾಪುರದಲ್ಲಿ ಯುವಕ ಯುವತಿಯರ ಮುಂದೆ ಮಾಡಿದ ಭಾಷಣ)



ಬೆಂಗಳೂರಿನಿಂದ ಇಷ್ಟು ದೂರ ಬಂದು ಅಮೃತೇಶ್ವರ ಗುಡಿಯ ಕೆತ್ತನೆ ನೋಡಿದಿರಿ, ಫೋಟೋ ತೆಗೆದುಕೊಂಡಿರಿ. ಸಂತೋಷ. ಅಲ್ಲೇ ನಿಂತಿರುವ ಶಾಸನದ ಕಲ್ಲು ನೋಡಿದಿರಾ? ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಗುಡಿಯಿದು. ಶಾಸನದ ಪದ್ಯ ಬರೆದವನು ಕವಿ ಜನ್ನ. ಊರಿನ ಸಂಗತಿಯನ್ನು ಊರವರ ನುಡಿಯಲ್ಲೇ ಬರೆದು ಊರ ನಡುವೆ ನಿಲ್ಲಿಸಿದರು!

ಇವತ್ತು ಊರಿನ ಬಡತನ, ಓದುಬರಹದ ಲೆಕ್ಕ ಎಲ್ಲಿದೆ? ಅರ್ಥಶಾಸ್ತ್ರಜ್ಞರ ದಪ್ಪ ವರದಿಗಳಲ್ಲಿದೆ. ನಾವು ಓದುವುದಿಲ್ಲ. ನಮ್ಮ ಶಾಸಕರು ಓದುತ್ತಾರೆಂದು ನೀವು ನಂಬಿದ್ದರೆ ಆ ನಂಬಿಕೆ ನಿಮಗೇ ಇರಲಿ.

ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಸಾಕ್ಷರತೆ, ಶಾಲೆ ಬಿಟ್ಟು ಹೊರಗುಳಿದ ಮಕ್ಕಳು, ವೈದ್ಯರು, ಆಸ್ಪತ್ರೆ ಹಾಸಿಗೆ, ಕುಡಿಯುವ ನೀರು ಎಲ್ಲವೂ ಅದರಲ್ಲಿತ್ತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು ಎಂದಿತು. ಅಂಥವು 114! ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚಾಗಬೇಕು, ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣ ಎಂದು ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ. ಒಂದನೇ ತರಗತಿಯ ಮಗು ಅಷ್ಟು ಹೊತ್ತಿಗೆ ಆರನೇ ತರಗತಿ ಮುಟ್ಟಿತ್ತು, ಶಾಲೆ ಬಿಡದೆ ಉಳಿದಿದ್ದರೆ.

ನಂಜುಂಡಪ್ಪನವರದು ದೊಡ್ಡ ಕೆಲಸ. ಅದನ್ನು ಒಪ್ಪಿಕೊಂಡೇ ಒಂದು ಮಾತು ಕೇಳಿ. ಸರಾಸರಿ ಎಂಬುದು ಕಂಬಳಿಯಿದ್ದ ಹಾಗೆ, ಮುಚ್ಚುತ್ತದೆ. ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿನೊಳಗೇ ಇತ್ತು. ಒಂದೇ ತಾಲ್ಲೂಕಿನ ಒಂದು ಕಡೆ ಕೆಮ್ಮಣ್ಣುಗುಂಡಿಯ ಬೆಟ್ಟ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ. ಇನ್ನೊಂದು ಕಡೆ ಅಜ್ಜಂಪುರ, ಶಿವನಿಯ ಬಯಲು, ಮಳೆ ನಂಬಿದ ಈರುಳ್ಳಿ ಹೊಲ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಯಾರ ಮನೆಯದು? ಬೆಟ್ಟದವನದೂ ಅಲ್ಲ, ಬಯಲಿನವನದೂ ಅಲ್ಲ.

ಶಾಲೆಯ ಲೆಕ್ಕವೂ ಹಾಗೆಯೇ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದು ಒಂದು ಸೂಚಕ. ಮಕ್ಕಳು ಸಾಲಾಗಿ ಕಾನ್ವೆಂಟ್ ವ್ಯಾನ್ ಹತ್ತಿ ಹೋದರೆ, ಊರಿನ ಕನ್ನಡ ಶಾಲೆಯಲ್ಲಿ ಎಂಟು ಮಕ್ಕಳಿಗೆ ಇಬ್ಬರು ಮೇಷ್ಟ್ರು ಉಳಿಯುತ್ತಾರೆ. ಕಾಗದದಲ್ಲಿ ಭರ್ಜರಿ ಪ್ರಗತಿ! ಶಾಲೆ ಮಾತ್ರ ಬೀಗ ಬೀಳುವ ಸ್ಥಿತಿಯಲ್ಲಿರುತ್ತದೆ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ಟಿ.ಆರ್. ಚಂದ್ರಶೇಖರ ಅವರ ಪುಸ್ತಕಗಳನ್ನು ತೋರಿಸಿ. ಮಾನವ ಅಭಿವೃದ್ಧಿ, ಪ್ರಾದೇಶಿಕ ಅಸಮಾನತೆ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದಾರೆ.

2024ರಲ್ಲಿ ಸರ್ಕಾರ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಿತು. ಈಗ ಅಜ್ಜಂಪುರ ಬೇರೆಯೇ ತಾಲ್ಲೂಕು, ಅದರ ಲೆಕ್ಕವನ್ನು ಬೇರೆಯಾಗಿಯೇ ಕೇಳಬಹುದು. ಹೋಬಳಿವಾರು ಕೊಡಿ ಎಂದೂ ಕೇಳಬಹುದು.

ನಿಮ್ಮಲ್ಲಿ ಬಹಳ ಮಂದಿಯ ಅಪ್ಪ ಅಮ್ಮ ಇಂಥದೇ ಒಂದು ತಾಲ್ಲೂಕು ಬಿಟ್ಟು ಬೆಂಗಳೂರಿಗೆ ಬಂದವರು. ಅದು ಯಾವ ತಾಲ್ಲೂಕು? 2002ರಲ್ಲಿ ಅದರ ಅಂಕಿ ಎಷ್ಟಿತ್ತು? ಅಲ್ಲಿನ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ? ಮುಂದಿನ ಸಭೆಗೆ ಬರುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಎಲ್ಲವನ್ನೂ ಗೋಡೆಗೆ ಅಂಟಿಸೋಣ.