ಸುಟ್ಟ ಕೈ ಕಲಿಸಿದ ಪಾಠ
(ದಾದಿಯರ ದಿನದಂದು ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ. ಓದಿದ್ದು ಏಳನೆಯ ಕ್ಲಾಸಿನವರೆಗೆ. ಊರು ಬಿಟ್ಟು ಮುಂಬಯಿಗೆ ಬಂದಾಗ ನನಗೆ ಸಿಕ್ಕಿದ್ದು ಕಪ್ಪುಬಸಿ ತೊಳೆಯುವ ಕೆಲಸ. ಆಮೇಲೆ ಮಾಣಿಯಾದೆ, ಆಮೇಲೆ ಒಲೆಯ ಮುಂದೆ ನಿಂತೆ. ಅಂಥವನು ರೋಗಿಗಳ ಶುಶ್ರೂಷೆಯ ವಿಚಾರವಾಗಿ ಏನು ಮಾತಾಡಿಯಾನು ಎಂದು ನೀವು ಕೇಳಬಹುದು. ನಾನು ಮಾತಾಡಲು ನಿಂತಿರುವುದು ನಾನು ಮಾಡಿದ ಒಂದು ತಪ್ಪಿನ ಬಲದಿಂದ.

ಆಗ ನಾನು ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದೆ. ಬೆಳಗಿನ ಗಿರಾಕಿಗಳ ಗದ್ದಲ. ನಮ್ಮ ಜೊತೆಯ ಹುಡುಗನೊಬ್ಬ ಸಾಂಬಾರಿನ ಕೊಪ್ಪರಿಗೆಯನ್ನು ಇಳಿಸುವಾಗ ಕಾಲು ಜಾರಿತು. ಕುದಿಯುವ ಸಾಂಬಾರು ಅವನ ಬಲಗೈ ಮೇಲೆ ಮೊಣಕೈಯವರೆಗೂ ಬಿತ್ತು. ಅವನ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ನಾವೆಲ್ಲ ಓಡಿ ಬಂದೆವು. ಒಬ್ಬ ಅರಿಸಿನ ತಂದ, ಇನ್ನೊಬ್ಬ ಹಲ್ಲುಜ್ಜುವ ಪೇಸ್ಟ್ ತಂದ. ನಾನು ಹಿಟ್ಟಿನ ಪಾತ್ರೆಗೆ ಕೈ ಹಾಕಿ ದೋಸೆ ಹಿಟ್ಟನ್ನು ಬೊಗಸೆ ತುಂಬ ತೆಗೆದು ಅವನ ಕೈಗೆ ಮೆತ್ತಿದೆ. ಹಿಟ್ಟು ತಣ್ಣಗಿದೆ, ಉರಿ ಎಳೆದುಕೊಳ್ಳುತ್ತದೆ ಎಂದು ಹಿರಿಯ ಭಟ್ಟರಿಂದ ಕೇಳಿದ್ದೆ. ನೀರು ಹಾಕಬೇಡಿ, ಬೊಕ್ಕೆ ಬರುತ್ತದೆ ಎಂದು ಎಲ್ಲರೂ ಹೇಳಿದರು. ನಲ್ಲಿ ಮೂರು ಮಾರು ದೂರದಲ್ಲಿತ್ತು.

ಆಸ್ಪತ್ರೆಯಲ್ಲಿ ಅವನನ್ನು ನೋಡಿದ ಸಿಸ್ಟರ್ ಮರಾಠಿಯವರು. ಕೈ ನೋಡಿದವರೇ, “ಏನಪ್ಪಾ, ಇವನ ಕೈ ಮೇಲೆ ದೋಸೆ ಹೊಯ್ಯಲು ಹೊರಟಿದ್ದಿರಾ?” ಎಂದು ಹಿಂದಿಯಲ್ಲಿ ಕೇಳಿದರು. ಒಣಗಿ ಅಂಟಿದ್ದ ಹಿಟ್ಟನ್ನು ಅವರು ಚೂರುಚೂರಾಗಿ ತೆಗೆಯಬೇಕಾಯಿತು. ಹಿಟ್ಟಿನ ಸಂಗಡ ಚರ್ಮವೂ ಬಂತು. ಹುಡುಗ ನನ್ನ ಮುಖ ನೋಡುತ್ತಿದ್ದ. ಅವನಿಗೆ ಆ ನೋವು ಕೊಟ್ಟದ್ದು ನಾನು. ಪ್ರೀತಿಯಿಂದಲೇ ಕೊಟ್ಟೆ, ಆದರೂ ಕೊಟ್ಟೆ. ಅವನ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ನೀರು ಹಾಕಿದ್ದರೆ ಮಡಚುತ್ತಿತ್ತೇ ಎಂದು ನಾನು ಸಿಸ್ಟರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಏನು ಮಾಡಬೇಕಿತ್ತು ಎಂಬುದನ್ನು ಹೇಳಿಕೊಟ್ಟರು. ಅದನ್ನೇ ನಿಮಗೆ ಒಪ್ಪಿಸುತ್ತೇನೆ.

ಮೈ ಸುಟ್ಟ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಒಂದೆರಡು ನಿಮಿಷ ಸಾಲದು, ಗಡಿಯಾರ ನೋಡಿ 20 ನಿಮಿಷ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಪೀಪಾಯಿಯ ಶುದ್ಧ ನೀರನ್ನು ಚೊಂಬಿನಿಂದ ಸುರಿಯುತ್ತಲೇ ಇರಬೇಕು. ಕೂಡಲೇ ಆಗಲಿಲ್ಲವೆಂದು ಬಿಡಬಾರದು. ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವುಂಟು. ಉಂಗುರ, ಕಡಗ, ಗಡಿಯಾರಗಳನ್ನು ಬಾವು ಬರುವ ಮೊದಲೇ ಬಿಚ್ಚಬೇಕು. ಮೈಗೆ ಅಂಟಿದ ಬಟ್ಟೆಯನ್ನು ಕೀಳಬಾರದು. ಬೊಕ್ಕೆ ಒಡೆಯಬಾರದು. ಮಂಜುಗಡ್ಡೆ ಇಡಬಾರದು, ಅದು ಬೆಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ. ಎಣ್ಣೆ, ಶಾಯಿ, ಪೇಸ್ಟ್, ಅರಿಸಿನ, ಹಿಟ್ಟು ಯಾವುದೂ ಬೇಡ. ನೀರು ಹಾಕಿದ ಮೇಲೆ ಒಗೆದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಉಳಿದ ಮೈಯನ್ನು ಬೆಚ್ಚಗಿಟ್ಟು, ಆಸ್ಪತ್ರೆಗೆ ಒಯ್ಯಬೇಕು. ಸುಟ್ಟ ಜಾಗ ಸುಟ್ಟವನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಪಾದ, ಕೀಲುಗಳ ಮೇಲಿದ್ದರೆ, ತಡ ಮಾಡಲೇಬಾರದು.

ಇದಕ್ಕೆ ಕಾರಣವೂ ಸುಲಭ. ಅನ್ನದ ತಪ್ಪಲೆಯನ್ನು ಒಲೆಯಿಂದ ಇಳಿಸಿದ ಮೇಲೂ ಒಳಗಿನ ಅನ್ನ ಬೇಯುತ್ತಲೇ ಇರುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚರ್ಮವೂ ಹಾಗೆಯೇ. ಬೆಂಕಿ ದೂರವಾದರೂ ಒಳಗಿನ ಕಾವು ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಆ ಕಾವನ್ನು ಹೊರಗೆ ಎಳೆಯುವುದು ಹರಿಯುವ ನೀರು. ಹಿಟ್ಟು ಮೆತ್ತಿದರೆ ಕಾವು ಒಳಗೇ ಉಳಿಯುತ್ತದೆ.

ಆದರೆ ಬಂಧುಗಳೇ, ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಹಿರಿಯ ಭಟ್ಟರೂ ಖಂಡಿತವಾಗಿಯೇ ಹೇಳಿದ್ದರು. ಸಿಸ್ಟರ್ ಕೂಡ ಖಂಡಿತವಾಗಿಯೇ ಹೇಳಿದರು. ಇವರ ಮಾತನ್ನು ನಂಬಿ ಅವರದನ್ನು ಏಕೆ ಬಿಡಬೇಕು? ಉತ್ತರ ಇಷ್ಟೇ: ಭಟ್ಟರ ಮಾತಿನ ಹಿಂದೆ ನಂಬಿಕೆಯಿತ್ತು, ಸಿಸ್ಟರ ಮಾತಿನ ಹಿಂದೆ ಲೆಕ್ಕವಿತ್ತು. ಆಸ್ಟ್ರೇಲಿಯಾದಲ್ಲಿ ಮೈ ಸುಟ್ಟುಕೊಂಡ ಸುಮಾರು 2,500 ಮಕ್ಕಳ ದಾಖಲೆಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. 20 ನಿಮಿಷ ಹರಿಯುವ ನೀರು ಸಿಕ್ಕ ಮಕ್ಕಳಲ್ಲಿ, ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾದ ಸಂದರ್ಭ ಬಹಳ ಕಡಿಮೆಯಾಗಿತ್ತು. ಗಲ್ಲೆಯ ಮೇಲೆ ಕೂತವರು ಸಂಜೆ ಬಾಯಿಮಾತನ್ನು ನಂಬುತ್ತಾರೆಯೇ? ಚೀಟಿ ಎಣಿಸುತ್ತಾರೆ. ಇಲ್ಲಿಯೂ ಹಾಗೆಯೇ.

ದಾದಿಯರ ವಿದ್ಯೆ ಹುಟ್ಟಿದ್ದೇ ಇಂಥ ಎಣಿಕೆಯ ಜೊತೆಯಲ್ಲಿ. ಇಂದು ಮೇ 12, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ; ಇಸವಿ 1820. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಆಕೆ ತುರ್ಕಿಯ ಸ್ಕುಟಾರಿಯ ಸೈನ್ಯದ ಆಸ್ಪತ್ರೆಗೆ ಹೋದಳು. ಕೈಯಲ್ಲಿ ದೀಪ ಹಿಡಿದ ಆಕೆಯ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕ ಇತ್ತು ಎಂಬುದನ್ನು ಯಾರೂ ನಮಗೆ ಹೇಳಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ರೋಗಿಗಳು ಸಾಯುತ್ತಿದ್ದರು. ಮಾರ್ಚಿಯಲ್ಲಿ ಸರಕಾರ ಕಳಿಸಿದ ನೈರ್ಮಲ್ಯದ ಆಯೋಗ ಬಂದು ಆಸ್ಪತ್ರೆಯ ಚರಂಡಿಗಳನ್ನು ಶುದ್ಧ ಮಾಡಿಸಿತು, ಗಾಳಿಗೆ ದಾರಿ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಸೈನಿಕರನ್ನು ಗಾಯಗಳಿಗಿಂತ ಹೆಚ್ಚಾಗಿ ಹೊಲಸು ಕೊಲ್ಲುತ್ತಿದೆ ಎಂಬುದನ್ನು ನೈಟಿಂಗೇಲ್ ಅಂಕಿಗಳಿಂದಲೂ ಚಿತ್ರಗಳಿಂದಲೂ ಸರಕಾರಕ್ಕೆ ತೋರಿಸಿಕೊಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ತೆರೆಯಿತು.

ಎಣಿಕೆಯಿಂದ ನಮ್ಮಂಥ ಬಡವರಿಗೆ ಆದ ದೊಡ್ಡ ಉಪಕಾರ ನಮ್ಮ ದೇಶದಲ್ಲೇ ಇದೆ. ಹಿಂದೆ ಕ್ಷಯ ಬಂತೆಂದರೆ ಸ್ಯಾನಟೋರಿಯಂ ಬೇಕು, ವಿಶ್ರಾಂತಿ ಬೇಕು, ಹಾಲು ಮೊಟ್ಟೆ ಬೇಕು ಎನ್ನುತ್ತಿದ್ದರು. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗುವವರಿಗೆ ಅದೆಲ್ಲಿಂದ ಬರಬೇಕು? 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಬಡ ರೋಗಿಗಳನ್ನು ಯಾರ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಮಿಗೆ, ಇನ್ನೊಂದು ತಮ್ಮ ಗುಡಿಸಲಿಗೆ. ಔಷಧ ಇಬ್ಬರಿಗೂ ಒಂದೇ. ಆರೋಗ್ಯ ಕಾರ್ಯಕರ್ತರು ಮುನ್ಸೂಚನೆ ಕೊಡದೆ ಮನೆಗೆ ಹೋಗಿ ಗುಳಿಗೆ ಎಣಿಸುತ್ತಿದ್ದರು. 1959ರಲ್ಲಿ ಪ್ರಕಟವಾದ ಫಲಿತಾಂಶವೇನು? ಊಟ ಕಡಿಮೆಯಿದ್ದರೂ, ಜಾಗ ಇಕ್ಕಟ್ಟಾಗಿದ್ದರೂ, ಔಷಧವನ್ನು ತಪ್ಪದೆ ತಿಂದ ಗುಡಿಸಲಿನವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಇಂದು ಕ್ಷಯದ ರೋಗಿ ಮನೆಯಲ್ಲೇ ಇದ್ದು ಗುಳಿಗೆ ತಿಂದು ಗುಣವಾಗುತ್ತಿರುವುದು ಆ ಲೆಕ್ಕದ ಫಲ. ಕೆಮ್ಮು ಎರಡು ವಾರ ಮೀರಿದರೆ ಮುಚ್ಚಿಡಬೇಡಿ. ಕಫದ ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಲೆಕ್ಕ ಹೇಳಿದರೆ ದಾದಿಯರು ತಮ್ಮ ಹಳೆಯ ಪಾಠವನ್ನೂ ಬಿಡುತ್ತಾರೆ. ಹಾಸಿಗೆ ಹಿಡಿದವರ ಬೆನ್ನು ಕೆಂಪಾದರೆ ಸ್ಪಿರಿಟ್ ಹಚ್ಚಿ ಚೆನ್ನಾಗಿ ತಿಕ್ಕಬೇಕೆಂದು ಹಿಂದೆ ಅವರಿಗೇ ಕಲಿಸುತ್ತಿದ್ದರು. ಎಲುಬಿನ ಮೇಲಿನ ಕೆಂಪಾದ ಚರ್ಮವನ್ನು ತಿಕ್ಕಿದರೆ ಒಳಗೆ ಇನ್ನೂ ಹಾಳಾಗುತ್ತದೆಂದು ತಿಳಿದ ಮೇಲೆ, ತಿಕ್ಕಬಾರದೆಂದು ನಿಯಮ ಬದಲಾಯಿತು. ಮಗ್ಗುಲು ಬದಲಾಯಿಸಬೇಕು, ಚರ್ಮ ಒಣಗಿರುವಂತೆ ನೋಡಿಕೊಳ್ಳಬೇಕು, ದಿನವೂ ಬೆನ್ನು, ಸೊಂಟ, ಹಿಮ್ಮಡಿಗಳನ್ನು ಪರೀಕ್ಷಿಸಬೇಕು. ಗಿರಣಿಯಲ್ಲಿ ದುಡಿದು ದಣಿದ ಎಷ್ಟೋ ಹಿರಿಯರು ಇಂದು ಮನೆಯಲ್ಲಿ ಮಲಗಿದ್ದಾರೆ. ಈ ಮಾತನ್ನು ಅವರ ಸೊಸೆಯಂದಿರಿಗೂ ಮಕ್ಕಳಿಗೂ ತಲುಪಿಸಿ.

ಇನ್ನು ಸ್ವಲ್ಪ ಕಹಿಯಾದ ಮಾತು. ಸಂಘದ ಸದಸ್ಯರೊಬ್ಬರ ಮಗಳು ಹನ್ನೆರಡನೆಯದನ್ನು ಪಾಸು ಮಾಡಿ ನರ್ಸಿಂಗ್ ಓದುತ್ತೇನೆ ಎಂದಳು. “ಕಂಡವರ ಮಲಮೂತ್ರ ಬಳಿಯುವ ಕೆಲಸ ನಮ್ಮ ಮನೆತನಕ್ಕೆ ಬೇಡ” ಎಂದರು ಅಪ್ಪ. ನಾನು ಕೇಳಿದೆ: “ಅಣ್ಣಾ, ನಾವು ಇಷ್ಟು ವರ್ಷ ಕಂಡವರ ಎಂಜಲು ಬಳಿದಿಲ್ಲವೇ? ಅದರಿಂದಲೇ ಈ ಹುಡುಗಿ ಓದಿದ್ದು.” ಅವರು ಮಾತಾಡಲಿಲ್ಲ. ಇನ್ನೂ ಒಪ್ಪಿಯೂ ಇಲ್ಲ. ಅವರು ಇಂದು ಈ ಸಭೆಯಲ್ಲಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ದಾದಿಯ ಕೆಲಸ ಬರೇ ಬಳಿಯುವ ಕೆಲಸವಲ್ಲ. ಜನರಲ್ ನರ್ಸಿಂಗಿಗೆ ಮೂರು ವರ್ಷ, ಬಿ.ಎಸ್‌ಸಿ. ನರ್ಸಿಂಗಿಗೆ ನಾಲ್ಕು ವರ್ಷ ಓದಬೇಕು. ಶರೀರಶಾಸ್ತ್ರ, ಔಷಧದ ಅಳತೆ, ಸೋಂಕಿನ ಕಾರಣ ಎಲ್ಲವನ್ನೂ ಕಲಿತು, ವಾರ್ಡುಗಳಲ್ಲಿ ದುಡಿದು, ಪರೀಕ್ಷೆ ಕೊಡಬೇಕು. ಈ ವಿದ್ಯೆಗೆ ದೇಶಕ್ಕೆಲ್ಲ ಒಂದು ಮಟ್ಟ ಇರಲೆಂದು 1947ರಲ್ಲೇ ಕಾನೂನಾಯಿತು. ಅದರ ಬದಲಿಗೆ 2023ರಲ್ಲಿ ಪಾರ್ಲಿಮೆಂಟು ಹೊಸ ಕಾನೂನು ಪಾಸು ಮಾಡಿದೆ. ಹುಡುಗರೂ ಓದಬಹುದು. ಒಂದು ಎಚ್ಚರ ಮಾತ್ರ ಬೇಕು. ಏಜೆಂಟನ ಮಾತು ನಂಬಿ ದುಡ್ಡು ಕಟ್ಟಬೇಡಿ. ಕಾಲೇಜಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮನ್ನಣೆ ಇದೆಯೇ, ಕಲಿಯಲು ನಿಜವಾದ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ಮೊದಲು ವಿಚಾರಿಸಿ. ಸಂಘದ ಕಚೇರಿಗೆ ಬಂದರೆ ನಾವೂ ವಿಚಾರಿಸಿಕೊಡುತ್ತೇವೆ.

ಕೊನೆಯದಾಗಿ ಮೂರು ಬೇಡಿಕೆಗಳು. ಪ್ರತಿ ಅಡುಗೆಮನೆಯಲ್ಲೂ ಒಲೆಯ ಹತ್ತಿರ ಅಡ್ಡಿಯಿಲ್ಲದ ಒಂದು ನಲ್ಲಿ ಇರಬೇಕು. ಮೈ ಸುಟ್ಟವನು ನೀರಿನ ಕೆಳಗೆ ನಿಲ್ಲುವ 20 ನಿಮಿಷಕ್ಕೆ ಯಾವ ಧಣಿಯೂ ಗೊಣಗಬಾರದು, ಸಂಬಳ ಮುರಿಯಬಾರದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿಗೆ ಇ.ಎಸ್.ಐ. ಅನ್ವಯಿಸುತ್ತದೆ, ನಿಮ್ಮ ಹೆಸರು ಅಲ್ಲಿ ದಾಖಲಾಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಮೊದಲ ಎರಡನ್ನು ಸಂಘ ಲಿಖಿತವಾಗಿ ಧಣಿಗಳ ಮುಂದೆ ಇಡಲಿದೆ. ಮೂರನೆಯದನ್ನು ನೀವು ನಾಳೆಯೇ ಕೇಳಿರಿ.

ಆ ಹುಡುಗ ಈಗಲೂ ನಮ್ಮ ಜೊತೆ ಇದ್ದಾನೆ. ಎಡಗೈಯಲ್ಲಿ ಸೌಟು ಹಿಡಿಯುತ್ತಾನೆ. ಹೋದ ತಿಂಗಳು ಹೊಸ ಮಾಣಿಯೊಬ್ಬನ ಕೈ ಮೇಲೆ ಬಿಸಿ ಚಹಾ ಬಿತ್ತು. ಎಲ್ಲರಿಗಿಂತ ಮೊದಲು ಓಡಿದವನು ಇವನೇ. ಮಾಣಿಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿ, ಗೋಡೆಯ ಗಡಿಯಾರ ನೋಡುತ್ತ ತಾನೂ ನಿಂತ. ಆ ಮಾಣಿಯ ಕೈಯಲ್ಲಿ ಇಂದು ಕಲೆಯೂ ಇಲ್ಲ.