ಓದು ನಡುವೆ ನಿಲ್ಲದಿರಲಿ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದ ಭಾಷಣ)

 

ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಪೀಠದ ಮುಖ್ಯಸ್ಥರಾಗಿದ್ದವರು ಡಾ. ಎಂ. ಎಂ. ಕಲಬುರ್ಗಿ. ವಚನ, ಶಾಸನ ಅವರ ಕ್ಷೇತ್ರ. ನಿವೃತ್ತಿಯ ನಂತರ ಅವರು ಉರ್ದು, ಪಾರ್ಸಿ ಬಲ್ಲವರನ್ನು ಕೂಡಿಸಿಕೊಂಡು ವಿಜಯಪುರದ ಆದಿಲಶಾಹಿ ಕಾಲದ ಕೃತಿಗಳನ್ನು ಕನ್ನಡಕ್ಕೆ ತರಿಸಿದರು. ಒಂದು ವಿಷಯದ ಮುಂದಾಳತ್ವವೆಂದರೆ ಇದೇ: ಏನನ್ನು ಓದಬೇಕೆಂದು ಗುರುತಿಸಿ, ಬಲ್ಲವರನ್ನು ಒಂದೆಡೆ ಸೇರಿಸುವುದು.

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಕ್ಕಳಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಆದರೆ ಎಂ.ಎ., ನೆಟ್, ಪಿಎಚ್.ಡಿ. ಎಂದು ವರ್ಷಗಳು ಬೇಕು. ಪಾಲಕರೇ, ಡಿಗ್ರಿ ಮುಗಿಯಿತಲ್ಲ, ಸಾಕು ಎಂದು ಮಗಳ ಓದು ನಿಲ್ಲಿಸಬೇಡಿ. ದಾನಿಗಳೇ, ಮೊದಲ ವರ್ಷ ಹಿಡಿದ ಕೈಯನ್ನು ಕೊನೆಯ ವರ್ಷದವರೆಗೂ ಬಿಡಬೇಡಿ.