ಹೇಳುವವರು ಕೇಳುವವರು ಇಲ್ಲದ ಜಾಗ

ಕೋಟೆ ನೋಡಬೇಕೆಂದರೆ ರಾಜಸ್ಥಾನಕ್ಕೇ ಹೋಗಬೇಕು ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಮರಳುಗಾಡಿನ ನಡುವಿನ ಹೊಂಬಣ್ಣದ ಜೈಸಲ್ಮೇರ್ ನೋಡಲು ವರ್ಷಗಟ್ಟಲೆ ದುಡ್ಡು ಕೂಡಿಡುವವರಿದ್ದಾರೆ. ಹೋಗಿ ಬರಲಿ, ನೋಡತಕ್ಕ ಜಾಗವೇ ಅದು. ಆದರೆ ಹೊಸೂರಿನ ಪಕ್ಕದ ನಮ್ಮ ಆಲಸನತ್ತಂನಿಂದ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಟರೆ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟರಲ್ಲಿ ಒಂದು ಗಿರಿದುರ್ಗವನ್ನೂ, ಅದಕ್ಕಿಂತ ಎಷ್ಟೋ ಹಳೆಯದಾದ, ಎರಡು ಸಾವಿರ ವರ್ಷ ದಾಟಿದ ಕಲ್ಲಿನ ಸಮಾಧಿಗಳನ್ನೂ ಮಕ್ಕಳಿಗೆ ತೋರಿಸಿಕೊಂಡು ಬರಬಹುದು. ಹೋದ ಮಾಘದಲ್ಲಿ ನಮ್ಮ ಮನೆಯವರೆಲ್ಲ ಹಾಗೆ ಹೊರಟೆವು. ಚಿತ್ರಾನ್ನ, ಮೊಸರನ್ನ, ನೀರಿನ ಕ್ಯಾನು, ಜೊತೆಗೆ ಎಲ್ಲರಿಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದ ನಮ್ಮ ಅವ್ವ.

ರಾಯಕೋಟೆ ಹೊಸೂರಿನಿಂದ ಸುಮಾರು 30 ಕಿಲೋಮೀಟರ್. ಬೆಂಗಳೂರು–ಸೇಲಂ ರೈಲು ಹಾದಿಯಲ್ಲೇ ಇದೆ. ಮೈಸೂರು ಸೀಮೆಗೂ ಕೆಳಗಿನ ಬಾರಾಮಹಲ್ ಎಂಬ ಸೀಮೆಗೂ ನಡುವಿನ ಕಣಿವೆ ದಾರಿಯನ್ನು ಕಾಯುತ್ತಿದ್ದ ಬೆಟ್ಟ ಇದು. 1791ರ ಜುಲೈನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಗೌಡಿಯ ಪಡೆ ಇದನ್ನು ಟಿಪ್ಪುವಿನ ಸೈನ್ಯದಿಂದ ಕಿತ್ತುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ಕೃಷ್ಣಗಿರಿ ಕೋಟೆಯ ಮೇಲೆ ಏರಿಹೋದ ಬ್ರಿಟಿಷ್ ಅಧಿಕಾರಿ ಮ್ಯಾಕ್ಸ್‌ವೆಲ್ಲನ ಪಡೆಗೆ ಮಾತ್ರ ಮೇಲಿನಿಂದ ಉರುಳಿಬಂದ ಬಂಡೆಗಳು ದಾರಿ ಕೊಡಲಿಲ್ಲ. ಕೊನೆಗೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಇಡಿಯಾಗಿ ಕಂಪನಿಯ ಪಾಲಾಯಿತು. 1799ರಲ್ಲಿ ಬ್ರಿಟಿಷ್ ಸೇನಾಪತಿ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋದದ್ದೂ ರಾಯಕೋಟೆಯ ಮೇಲೆಯೇ. ಈಗ ಅಲ್ಲಿ ಕಾವಲಿಗೆ ಪಡೆಯಿಲ್ಲ. ಬಿಸಿಲು, ಗಾಳಿ, ಬಂಡೆಯ ಸಂದಿನಲ್ಲಿ ಬೆಳೆದ ಹುಲ್ಲು, ಅಷ್ಟೆ.

ಮೇಲೆ ಒಂದು ಗೋಡೆಯ ಹತ್ತಿರ ನಿಂತು ನೋಡಿದೆ. ಹಳೆಯ ಗಾರೆಯ ಮೇಲೆ ಮೊಳೆಯಿಂದಲೋ ಬೀಗದ ಕೈಯಿಂದಲೋ ಗೀರಿದ ಹೆಸರುಗಳು. ಹೃದಯದ ಚಿತ್ರ, ಅದರೊಳಗೆ ಬಾಣ, ಎರಡು ತುದಿಗೆ ಎರಡು ಅಕ್ಷರ. ಗೀರು ಬಿದ್ದಲ್ಲೆಲ್ಲ ಗಾರೆ ಪುಡಿಯಾಗಿ ಉದುರಿ, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಇನ್ನು ಮಳೆನೀರು ಇಳಿಯುವುದು ಆ ಗೀರಿನಿಂದಲೇ. ನಮ್ಮ ಹುಡುಗ ಕೇಳಿದ, “ಇಲ್ಲಿ ಬೈಯೋರು ಯಾರೂ ಇಲ್ವಾ?”

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬೈಯುವವರು ಎದುರಿಗಿದ್ದಾಗ ನಾವೆಲ್ಲ ಒಳ್ಳೆಯವರೇ. ಕಚೇರಿಯಲ್ಲಿ ಸಾಹೇಬರ ಮುಂದೆ, ಗುಡಿಯಲ್ಲಿ ಅರ್ಚಕರ ಮುಂದೆ, ನೆಂಟರ ಮನೆಯಲ್ಲಿ ಯಜಮಾನರ ಮುಂದೆ ಕೈಕಾಲು ಹಿಡಿತದಲ್ಲಿರುತ್ತವೆ. ಹೇಳುವವರು ಕೇಳುವವರು ಇಲ್ಲದ ಜಾಗದಲ್ಲಿ ನಾವು ಹೇಗಿರುತ್ತೇವೆ? ನೀರು ತರಲು ಹೋದ ಗೃಹಿಣಿ ಬಾಗಿಲು ತೆರೆದೇ ಬಿಟ್ಟುಹೋದ ಮನೆಯಂತೆ ಇರುತ್ತದೆ ಹಾಳುಕೋಟೆ. ಒಳಗೆ ಹೆಜ್ಜೆ ಇಟ್ಟವರ ನಡತೆಗೆ ಅವರೇ ಹೊಣೆ.

ಮಧ್ಯಾಹ್ನ ಊಟ ಮುಗಿಸಿ ಮಲ್ಲಚಂದ್ರಂ ಕಡೆ ಹೋದೆವು. ನನಗೆ ಈ ಇಡೀ ಸೀಮೆಯಲ್ಲಿ ಅತ್ಯಂತ ದೊಡ್ಡದೆನಿಸುವ ಜಾಗ ಅದು. ಬೋಳು ಬಂಡೆಯ ಗುಡ್ಡದ ಮೇಲೆ ಕಬ್ಬಿಣ ಯುಗದ ಜನ ಕಟ್ಟಿದ ಕಲ್ಲಿನ ಸಮಾಧಿಗಳಿವೆ. ಅಂಥವನ್ನು ನಮ್ಮ ಜನ ಪಾಂಡವರ ಮನೆ ಎನ್ನುತ್ತಾರೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ ಕೋಣೆ. ಸುತ್ತಲೂ ತುದಿಯನ್ನು ಕಮಾನಿನಂತೆ ದುಂಡಗೆ ಮಾಡಿದ ಚಪ್ಪಡಿಗಳ ಬಳಸು. ಕೋಣೆಯ ಒಂದು ಚಪ್ಪಡಿಯಲ್ಲಿ ಗುಂಡನೆಯ ಕಂಡಿ. ಆ ಕಂಡಿಯ ಅಂಚನ್ನು ಹತ್ತಿರದಿಂದ ನೋಡಿ: ಎಲ್ಲೂ ಒರಟಿಲ್ಲ, ಸುತ್ತಳತೆ ತಪ್ಪಿಲ್ಲ. ಇಂದು ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಗಳಲ್ಲಿ ವಜ್ರದ ಹಲ್ಲಿನ ತಂತಿಯಿಂದ ಬಂಡೆ ಕೊಯ್ಯುತ್ತಾರೆ. ಅದೇ ಜಾತಿಯ ಗಟ್ಟಿ ಕಲ್ಲನ್ನು ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ತಟ್ಟಿ ತಟ್ಟಿ, ಉಜ್ಜಿ ಉಜ್ಜಿ ದುಂಡಗೆ ತೆಗೆದಿದ್ದಾರೆ.

ಯಾರಿಗೋಸ್ಕರ? ಸತ್ತವರಿಗೋಸ್ಕರ. ಕಂಡಿ ನೇರ ಬಂದಿದೆಯೇ ಎಂದು ಪರೀಕ್ಷಿಸಲಾರದವರಿಗೆ, ಚೆನ್ನಾಗಿದೆ ಎಂದು ಹೊಗಳಲಾರದವರಿಗೆ. ತಮ್ಮವರು ಬದುಕಿಲ್ಲ, ನೋಡುವುದಿಲ್ಲ, ಕೇಳುವುದಿಲ್ಲ ಎಂದು ಗೊತ್ತಿದ್ದೂ ಅವರು ಕೆಲಸದಲ್ಲಿ ಒಂದಿಷ್ಟೂ ಕಳ್ಳತನ ಮಾಡಲಿಲ್ಲ. ಅವರ ರಾಜ ಯಾರು, ಭಾಷೆ ಯಾವುದು, ಹೆಸರೇನು, ಒಂದೂ ಉಳಿದಿಲ್ಲ. ಶ್ರದ್ಧೆ ಮಾತ್ರ ಕಲ್ಲಿನಲ್ಲಿ ಉಳಿದಿದೆ. ಈ ಸೀಮೆಯ ವೀರಗಲ್ಲುಗಳೂ ಇದೇ ಮಾತನ್ನು ಹೇಳುತ್ತವೆ. ಕಳ್ಳರಿಂದ ಊರ ದನ ಬಿಡಿಸಲು ಹೋಗಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಂಥ ಕಲ್ಲುಗಳನ್ನು ಇಟ್ಟಿದ್ದಾರೆ, ಮಕ್ಕಳಿಗೆ ತಪ್ಪದೆ ತೋರಿಸಿ.

ಗುಡ್ಡದ ಮೇಲೆ ಸಮಾಧಿಗಳ ಹತ್ತಿರ ಬರುತ್ತಿದ್ದಂತೆ ನಮ್ಮ ಅವ್ವ ಚಪ್ಪಲಿ ಬಿಟ್ಟರು. ಬಂಡೆ ಸುಡುತ್ತಿತ್ತು. “ಯಾಕಜ್ಜಿ?” ಎಂದ ಹುಡುಗ. “ಹಿರೀಕರು ಮಲಗಿರೋ ಜಾಗ ಕಣಪ್ಪ” ಎಂದಷ್ಟೇ ಹೇಳಿ ಮುಂದೆ ನಡೆದರು. ಕಬ್ಬಿಣ ಯುಗದ ಹೆಸರು ಕೇಳಿದವರಲ್ಲ ಅವರು. ಕಂಡಿಯ ಮುಂದೆ ಕೂತು, ಒಳಗೆ ಕೈ ಹಾಕದೆ, ಬಗ್ಗಿ ನೋಡಿದರು. ಹುಡುಗನೂ ಹಾಗೇ ಬಗ್ಗಿ ನೋಡಿದ.

ನಮ್ಮಲ್ಲಿ ಕಾನೂನಿದೆ. ರಾಷ್ಟ್ರೀಯ ಮಹತ್ವದ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆಮನೆ, 1 ಲಕ್ಷ ರೂಪಾಯಿವರೆಗೆ ದಂಡ ಎಂದು 1958ರ ಕಾಯ್ದೆಯನ್ನು 2010ರಲ್ಲಿ ಬಿಗಿ ಮಾಡಿದರು. ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕಾಯ್ದೆ ಬೇಕು. ಆದರೆ ಪ್ರತಿ ಗುಡ್ಡಕ್ಕೂ ಒಬ್ಬ ಪೊಲೀಸಿನವನನ್ನು ನಿಲ್ಲಿಸಲಾಗದು. ಚಪ್ಪಲಿ ಬಿಡುವ ಅಜ್ಜಿಯ ಹಿಂದೆ ನಡೆದ ಮೊಮ್ಮಗನಿಗೆ ಪೊಲೀಸಿನವನ ಅಗತ್ಯವೂ ಇಲ್ಲ.

ಹಾಳು ಮಾಡಬೇಕೆಂದು ಹೊರಟವರು ಮಾತ್ರ ಹಾಳು ಮಾಡುತ್ತಾರೆಂದೂ ಅಲ್ಲ. ಆಗಲೇ ಹೆಸರಿಸಿದ ಜೈಸಲ್ಮೇರ್ ಕೋಟೆ 1156ರಲ್ಲಿ ಕಟ್ಟಿದ್ದು, ಒಳಗೆ ಇವತ್ತಿಗೂ ಸಂಸಾರಗಳಿವೆ. ಕೊಡ ಕೊಡವಾಗಿ ನೀರು ಹೊತ್ತು ಬದುಕುತ್ತಿದ್ದ ಮರುಭೂಮಿಯ ಊರಿಗೆ ನಲ್ಲಿ ಬಂತು, ಪ್ರವಾಸಿಗರು ಬಂದರು, ಬಳಸಿ ಚೆಲ್ಲಿದ ನೀರು ಗುಡ್ಡದ ಬುಡಕ್ಕೆ ಇಳಿಯಿತು. ಬುರುಜುಗಳು ಕುಸಿದವು. ನನ್ನೊಬ್ಬನ ಬಕೆಟ್ಟು ನೀರಿನಿಂದ ಏನಾಗುತ್ತದೆ ಎಂದುಕೊಂಡವರೇ ಎಲ್ಲರೂ.

ನಮ್ಮ ಕಡೆ ಇನ್ನೊಂದು ಕೇಡಿದೆ, ನಿಧಿಯ ಆಸೆ. ಇಂಥ ಸಮಾಧಿಗಳನ್ನು ಚಿನ್ನಕ್ಕಾಗಿ ಅಗೆದು ಕೆಡಿಸಿದವರಿದ್ದಾರೆ. ಒಳಗೆ ಸಾಮಾನ್ಯವಾಗಿ ಇರುವುದು ಕಪ್ಪು ಕೆಂಪು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ, ಮಣಿ. ಮಾರಿದರೆ ಮೂರು ಕಾಸು ಬಾರದು. ಅದೇ ವಸ್ತು ಇದ್ದಲ್ಲೇ ಇದ್ದರೆ ಏನು ಹೇಳಬಲ್ಲದು ಎನ್ನುವುದಕ್ಕೆ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಸಾಕ್ಷಿ. ಅಲ್ಲಿನ ಉತ್ಖನನದಲ್ಲಿ ಕಬ್ಬಿಣ ದೊರೆತ ಪದರದ ಕಾಲ ಕ್ರಿಸ್ತಪೂರ್ವ 2172 ಎಂದು 2022ರ ಮೇ ತಿಂಗಳಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಪ್ರಕಟಿಸಿದರು. ಇಂದಿಗೆ 4,000 ವರ್ಷ ದಾಟಿತು! ಆ ಲೆಕ್ಕ ಸಿಕ್ಕಿದ್ದು ಮಣ್ಣಿನ ಪದರ ಕದಡದೆ ಉಳಿದಿದ್ದರಿಂದ. ಯಾರಾದರೂ ಹಾರೆ ಹಾಕಿ ಕೆದಕಿದ್ದರೆ ಕಬ್ಬಿಣದ ಚೂರು ಉಳಿಯುತ್ತಿತ್ತು, ಅದರ ಕಾಲ ಹೇಳುವವರು ಇರುತ್ತಿರಲಿಲ್ಲ.

ಆದ್ದರಿಂದ ಹೊಲ ಇರುವವರಲ್ಲಿ ನನ್ನದೊಂದು ಕೋರಿಕೆ. ನೇಗಿಲಿಗೋ ಜೆಸಿಬಿಯ ಹಲ್ಲಿಗೋ ಹಳೆಯ ಮಡಕೆ, ಅಕ್ಷರವಿರುವ ಕಲ್ಲು ಸಿಕ್ಕಿದರೆ ಕೆಲಸ ಅಲ್ಲಿಗೆ ನಿಲ್ಲಿಸಿ. ಎತ್ತಬೇಡಿ, ತೊಳೆಯಬೇಡಿ, ಅರಿಸಿನ ಬಳಿಯಬೇಡಿ. ಇದ್ದ ಹಾಗೇ ಒಂದು ಫೋಟೋ ತೆಗೆದುಕೊಂಡು ಗ್ರಾಮಾಡಳಿತಾಧಿಕಾರಿಗೆ, ತಹಶೀಲ್ದಾರರಿಗೆ ತಿಳಿಸಿ. ಆ ಮಡಕೆಯ ಬಾಯಿ ಯಾವ ಕಡೆಗಿತ್ತು, ಪಕ್ಕದಲ್ಲಿ ಏನಿತ್ತು, ಎಷ್ಟು ಆಳದಲ್ಲಿತ್ತು ಎಂಬುದನ್ನು ಅವರು ಬಂದು ಬರೆದುಕೊಳ್ಳುವವರೆಗೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಕಾಯಿರಿ.